ಲಾರಿ ಇಂಜಿನ್ ತಣ್ಣಗಿದೆ ಅಂತ ಖುಷಿಪಡಬೇಡಿ

ಮಾನ್ಯ ಸಂಪಾದಕರೇ,

ಬೇಸಿಗೆ ಬಂತು ಅಂದರೆ ನಿಮ್ಮ ಪತ್ರಿಕೆಯಲ್ಲಿ ತಪ್ಪದೆ ಒಂದು ಬರಹ ಬರುತ್ತದೆ. ಗಾಡಿ ಹೀಟ್ ಆದರೆ ಪಕ್ಕಕ್ಕೆ ಹಾಕಿ, ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಬೇಡಿ, ಕೂಲೆಂಟ್ ಎಷ್ಟಿದೆ ನೋಡಿ ಅಂತ. ಒಳ್ಳೆಯದೇ, ಬರಲಿ. ಆದರೆ ಇಂಜಿನ್ ಬಿಸಿಯಾಗಬೇಕಾದಷ್ಟು ಬಿಸಿಯೇ ಆಗದಿದ್ದರೆ ಏನು ಗತಿ ಅಂತ ಯಾರೂ ಬರೆದದ್ದನ್ನು ನಾನು ನೋಡಿಲ್ಲ. ಗ್ಯಾರೇಜಿನಲ್ಲಿ ಕೇಳಿದರೆ ನಗುತ್ತಾರೆ. "ತಣ್ಣಗಿದೆಯಲ್ಲ, ಇನ್ನೇನು ಬೇಕು ನಿಮಗೆ?" ಅನ್ನುತ್ತಾರೆ. ನಾನೂ ಹಾಗೇ ನಗುತ್ತಿದ್ದವನು. ನಕ್ಕಿದ್ದಕ್ಕೆ ಎಷ್ಟು ದಂಡ ತೆತ್ತೆ ಅನ್ನುವುದೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ. ಕತ್ತರಿ ಹಾಕುವುದಾದರೆ ನನ್ನ ಕಥೆಗೆ ಹಾಕಿ, ಥರ್ಮೋಸ್ಟಾಟ್ ವಾಲ್, ಅಂದರೆ ಇಂಜಿನ್ ಬಿಸಿಯನ್ನು ಹದದಲ್ಲಿಡುವ ವಾಲ್, ಅದರ ಪರೀಕ್ಷೆ ಮಾಡುವ ಭಾಗವನ್ನು ಮಾತ್ರ ಮುಟ್ಟಬೇಡಿ.

ನಾನು ತಿಪಟೂರಿನವನು. ಹನ್ನೊಂದು ವರ್ಷ ಬೇರೆಯವರ ಗಾಡಿ ಓಡಿಸಿ, ಆಮೇಲೆ ಸಾಲ ಮಾಡಿ ಸ್ವಂತ ಲಾರಿ ಮಾಡಿಕೊಂಡೆ. ಈಗ ಎರಡಿವೆ. ನಮ್ಮೂರಿನ ಉಂಡೆ ಕೊಬ್ಬರಿಗೆ ಉತ್ತರದ ಕಡೆಯೇ ಗಿರಾಕಿ ಜಾಸ್ತಿ, ಹಾಗಾಗಿ ದೆಹಲಿ ಕಡೆಗೆ ಲೋಡು, ಬರುವಾಗ ಸಿಕ್ಕಿದ್ದು. ಮೊದಲನೇ ಗಾಡಿ 2018ರ ಮಾಡೆಲ್, ಹತ್ತು ಚಕ್ರ, ಬಿಎಸ್ 4 (ಹೊಗೆ ನಿಯಮದ ಹಿಂದಿನ ಮಟ್ಟ, ಈಗಿನದು ಬಿಎಸ್ 6), ಸೆಕೆಂಡ್ ಹ್ಯಾಂಡ್ ತಗೊಂಡದ್ದು. ತಗೊಳ್ಳುವ ಮುಂಚೆ ಅರ್ಧ ಗಂಟೆ ಓಡಿಸಿ ನೋಡಿದೆ. ಹೀಟ್ ಮೀಟರಿನ ಮುಳ್ಳು ಕೆಳಗಿನ ಗೆರೆ ಬಿಟ್ಟು ಮೇಲೇಳಲೇ ಇಲ್ಲ. ಮಾರುವವನು "ನೋಡಿ ಸಾರ್, ಎಷ್ಟು ತಣ್ಣಗಿದೆ ಇಂಜಿನ್, ಕೈ ಇಟ್ಟು ನೋಡಿ" ಅಂದ. ನಾನು ಆ ಮಾತಿಗೇ ಮರುಳಾಗಿ ಚೌಕಾಸಿ ಕೂಡ ಸರಿಯಾಗಿ ಮಾಡಲಿಲ್ಲ.

ಗಾಡಿ ಓಡಿತು. ಕೈ ಕೊಟ್ಟಿದ್ದು ಅಂತ ಇಲ್ಲ. ಆದರೆ ಸಣ್ಣ ಸಣ್ಣ ಕಿರಿಕಿರಿ. ಬೆಳಿಗ್ಗೆ ಸೆಲ್ಫ್ ಹೊಡೆದರೆ ಬಿಳಿ ಹೊಗೆ, ಕಣ್ಣು ಉರಿಯುವಂಥ ಹಸಿ ಡೀಸೆಲ್ ವಾಸನೆ. ಮೊದಲ ನಾಲ್ಕೈದು ಕಿಲೋಮೀಟರ್ ಪಿಕಪ್ಪೇ ಇಲ್ಲ. ಡಿಪ್ ಸ್ಟಿಕ್ ಎಳೆದು ನೋಡಿದರೆ ಆಯಿಲ್ ಮಟ್ಟ ಇಳಿಯುತ್ತಲೇ ಇರಲಿಲ್ಲ, ಒಂದೊಂದು ಸಲ ಮೇಲಿನ ಗೆರೆಯನ್ನೂ ದಾಟಿರುತ್ತಿತ್ತು. "ನಮ್ಮ ಗಾಡಿ ಆಯಿಲ್ ತಿನ್ನೋದೇ ಇಲ್ಲ" ಅಂತ ಸ್ಟ್ಯಾಂಡಿನಲ್ಲಿ ಜಂಬ ಕೊಚ್ಚಿಕೊಂಡಿದ್ದೇನೆ. ಆಯಿಲ್ ತಾನಾಗೇ ಹೆಚ್ಚಾಗಲು ಅದೇನು ಅಕ್ಷಯ ಪಾತ್ರೆಯಾ ಅಂತ ಒಬ್ಬನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಡೀಸೆಲ್ ಲೆಕ್ಕ ಮಾತ್ರ ತಾಳೆ ಆಗುತ್ತಿರಲಿಲ್ಲ. ಲೀಟರಿಗೆ ನಾಲ್ಕರ ಮೇಲೆ ಕೊಡಬೇಕಾದ ಗಾಡಿ 3.8ಕ್ಕೆ ನಿಂತಿತ್ತು. ಟಯರಿನ ಗಾಳಿ ನೋಡಿಸಿದೆ, ಬ್ರೇಕ್ ಹಿಡಿಯುತ್ತಿದೆಯಾ ನೋಡಿಸಿದೆ. ಏನೂ ಸಿಗದಿದ್ದಾಗ ಕೊನೆಗೆ ಎಲ್ಲ ಮಾಲೀಕರೂ ಮಾಡುವ ಕೆಲಸ ಮಾಡಿದೆ. ಡ್ರೈವರ್ ಡೀಸೆಲ್ ಕದಿಯುತ್ತಾನೆ ಅಂತ ತೀರ್ಮಾನಿಸಿ, ಒಂದು ದಿನ ನಾಲ್ಕು ಜನರ ಮುಂದೆ ಅಂದೂಬಿಟ್ಟೆ. ಅರಸೀಕೆರೆ ಕಡೆಯ ಹುಡುಗ. ಒಂದೂ ಮಾತಾಡಲಿಲ್ಲ. ಕೀ ಟೇಬಲ್ ಮೇಲೆ ಇಟ್ಟು ಹೋದ.

ಬೇರೆ ಡ್ರೈವರ್ ಸಿಗದೆ ಆ ಡಿಸೆಂಬರಿನಲ್ಲಿ ಕ್ಲೀನರ್ ಹುಡುಗನನ್ನು ಕರೆದುಕೊಂಡು ನಾನೇ ದೆಹಲಿಗೆ ಹೊರಟೆ. ಹೈದರಾಬಾದ್, ನಾಗಪುರದವರೆಗೆ ಏನೂ ಅನ್ನಿಸಲಿಲ್ಲ. ಝಾನ್ಸಿ ದಾಟಿದ ಮೇಲೆ ಚಳಿ ಹಿಡಿಯಿತು. ಗ್ವಾಲಿಯರ್ ಆಚೆ ಒಂದು ಢಾಬಾದಲ್ಲಿ ರಾತ್ರಿ ನಿಲ್ಲಿಸಿದೆವು. ಬೆಳಿಗ್ಗೆ ಐದೂವರೆಗೆ ಎದ್ದರೆ ಮಂಜಿನಲ್ಲಿ ಮುಂದಿನ ಗಾಡಿಯ ನಂಬರ್ ಪ್ಲೇಟೇ ಕಾಣದು. ಸ್ಟಾರ್ಟ್ ಮಾಡಿದೆ. ಹೊಗೆ ಬಂತು ನೋಡಿ, ಮಂಜು ಯಾವುದು ಹೊಗೆ ಯಾವುದು ಗೊತ್ತಾಗದ ಹಾಗೆ. ಬಿಸಿಯಾಗಲಿ ಅಂತ ಮುಕ್ಕಾಲು ಗಂಟೆ ಹಾಗೇ ಐಡ್ಲಿಂಗ್ ಬಿಟ್ಟು ಎರಡು ಟೀ ಕುಡಿದು ಬಂದೆ. ಮುಳ್ಳು ಎಲ್ಲಿತ್ತೋ ಅಲ್ಲೇ.

ಪಕ್ಕದಲ್ಲಿ ಪಂಜಾಬಿನ ಒಂದು ಗಾಡಿ ನಿಂತಿತ್ತು. ಅದರ ಡ್ರೈವರ್ ವಯಸ್ಸಾದವರು, ಸರದಾರ್ಜಿ. ನಮ್ಮ ಹೊಗೆ ಅವರ ಮುಖಕ್ಕೇ ಹೋಗುತ್ತಿತ್ತು, ಬೈಯಲು ಬರುತ್ತಿದ್ದಾರೆ ಅಂದುಕೊಂಡೆ. ಅವರು ಬಂದವರೇ ಕ್ಯಾಬಿನ್ ಎತ್ತಿಸಿದರು. ಇಂಜಿನ್ನಿನಿಂದ ರೇಡಿಯೇಟರಿನ ತಲೆಗೆ ಹೋಗುವ ದಪ್ಪ ಹೋಸ್ ಪೈಪ್ ಮೇಲೆ ಹಿಂಗೈ ಇಟ್ಟರು, ಮಗುವಿಗೆ ಜ್ವರ ನೋಡುತ್ತಾರಲ್ಲ, ಹಾಗೆ. ಆಮೇಲೆ ಕೆಳಗಿನ ಪೈಪ್ ಮೇಲೆ ಇಟ್ಟರು. ನನ್ನ ಕೈ ಹಿಡಿದು ಎರಡರ ಮೇಲೂ ಇಡಿಸಿದರು. ಎರಡೂ ಒಂದೇ ಸಮ, ಉಗುರುಬೆಚ್ಚಗೆ. ಹಿಂದಿಯಲ್ಲಿ ಕೇಳಿದರು: "ಇದರೊಳಗೆ ವಾಲ್ ಇದೆಯಾ, ಇಲ್ಲಾ ನಿಮ್ಮ ಕಡೆಯವರು ಕಿತ್ತು ಎಸೆದಿದ್ದಾರಾ?"

ನನಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ ಅಂದರೆ ನಾಚಿಕೆ. ಅಷ್ಟು ವರ್ಷ ಸ್ಟೇರಿಂಗ್ ಹಿಡಿದವನು ನಾನು.

ಅವರು ಒಂದು ಖಾಲಿ ರಟ್ಟಿನ ಡಬ್ಬ ಹರಿದು, ರೇಡಿಯೇಟರ್ ಮುಂದೆ ಅರ್ಧಕ್ಕೆ ಸಿಕ್ಕಿಸಿದರು. ನಿಂತ ಕಡೆ ಡೀಸೆಲ್ ಇಂಜಿನ್ ಬಿಸಿಯಾಗುವುದಿಲ್ಲ, ಸುಮ್ನೆ ಹೊಗೆ ಉಗುಳುತ್ತದೆ, ಆಯಿಲ್ ಪ್ರೆಷರ್ ಬಂದಮೇಲೆ ನಿಧಾನವಾಗಿ ಹೊರಟುಬಿಡು, ಓಡುತ್ತಲೇ ಬಿಸಿಯಾಗಲಿ ಅಂದರು. ದೆಹಲಿ ಮುಟ್ಟುವಷ್ಟರಲ್ಲಿ ಮುಳ್ಳು ಕಾಲು ಭಾಗಕ್ಕೆ ಬಂದಿತ್ತು. ಆ ಗಾಡಿಯಲ್ಲಿ ಮುಳ್ಳು ಅಲ್ಲಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಊರಿಗೆ ವಾಪಸ್ ಬಂದು ಗ್ಯಾರೇಜಿನಲ್ಲಿ ವಾಲ್ ಹೌಸಿಂಗ್ ಬಿಚ್ಚಿಸಿದೆ. ಎರಡು ಬೋಲ್ಟು, ಒಂದು ಪ್ಯಾಕಿಂಗ್, ಒಳಗೆ ಖಾಲಿ. ವಾಲ್ ಕೂರುವ ಜಾಗದಲ್ಲಿ ತುಕ್ಕಿನ ಒಂದು ಉಂಗುರ, ಅಷ್ಟೇ. ಮೇಸ್ತ್ರಿಗೆ ಆಶ್ಚರ್ಯವೇ ಆಗಲಿಲ್ಲ. "ನಾವು ಎಲ್ಲ ಗಾಡಿಗೂ ತೆಗೀತೀವಿ ಅಣ್ಣಾ, ನಮ್ಮ ಬಿಸಿಲಿಗೆ ಅದು ಬೇಡ" ಅಂದ.

ಈ "ನಮ್ಮ ಬಿಸಿಲಿಗೆ ಬೇಡ" ಅನ್ನುವ ಮಾತಿನ ಮೇಲೇ ನನ್ನ ಜಗಳ.

ಮೇಸ್ತ್ರಿಗಳ ಕಡೆಯಿಂದಲೂ ಒಂದು ಮಾತು ಹೇಳಬೇಕು. ಈ ಅಭ್ಯಾಸ ಸುಮ್ಮನೆ ಹುಟ್ಟಿದ್ದಲ್ಲ. ಹಿಂದೆ ಕೂಲೆಂಟ್ ಯಾರು ಹಾಕುತ್ತಿದ್ದರು? ಬೋರ್‌ವೆಲ್ ನೀರು, ದಾರಿಯಲ್ಲಿ ಕೆರೆ ನೀರು. ನಮ್ಮ ಕಡೆಯ ಬೋರ್ ನೀರು ಎಷ್ಟು ಗಡಸು ಅಂದರೆ, ಬಚ್ಚಲ ಹಂಡೆಯೊಳಗೆ ಬಿಳಿ ಪೊರೆ ಕಟ್ಟುವುದನ್ನು ಎಲ್ಲರೂ ನೋಡಿದ್ದೇವೆ. ಅದೇ ಪೊರೆ, ಜೊತೆಗೆ ತುಕ್ಕು, ವಾಲಿನ ಮೇಲೂ ಕಟ್ಟುತ್ತದೆ. ವಾಲ್ ಮುಚ್ಚಿಕೊಂಡಂತೆಯೇ ಜಾಮ್ ಆದರೆ ನೀರು ರೇಡಿಯೇಟರಿಗೆ ಹೋಗುವುದಿಲ್ಲ, ಗಾಡಿ ಕುದಿಯುತ್ತದೆ, ಹೆಡ್ ಗ್ಯಾಸ್ಕೆಟ್, ಅಂದರೆ ಇಂಜಿನ್ನಿನ ತಲೆಯ ಕೆಳಗಿನ ಪ್ಯಾಕಿಂಗ್, ಹೋಗುತ್ತದೆ. ಅರ್ಧ ರಾತ್ರಿ ರೋಡಿನಲ್ಲಿ ನಿಂತವನಿಗೆ ವಾಲ್ ಕಿತ್ತೆಸೆದರೆ ಗಾಡಿ ಹೊರಡುತ್ತಿತ್ತು. ಮೇಸ್ತ್ರಿ ದೇವರಾಗುತ್ತಿದ್ದ. ಆದರೆ ಊರಿಗೆ ಬಂದಮೇಲೆ ಹೊಸದು ಹಾಕಬೇಕಿತ್ತಲ್ವಾ? ಅದನ್ನು ಯಾರೂ ಮಾಡಲಿಲ್ಲ. ನೆಗಡಿ ಆಯಿತು ಅಂತ ಮೂಗನ್ನೇ ಕೊಯ್ದ ಹಾಗೆ, ಕೊನೆಗೆ ನೆಗಡಿ ಇಲ್ಲದ ಗಾಡಿಗಳ ಮೂಗನ್ನೂ ಮುಂಚಿತವಾಗಿ ಕೊಯ್ಯಲು ಶುರು ಮಾಡಿದರು.

ಥರ್ಮೋಸ್ಟಾಟ್ ವಾಲ್ ಅಂದರೆ ದೊಡ್ಡ ಯಂತ್ರವೇನಲ್ಲ. ಒಂದು ಸಣ್ಣ ಹಿತ್ತಾಳೆ ಗುಂಡು, ಒಳಗೆ ಮೇಣ. ನೀರು ಬಿಸಿಯಾದಾಗ ಮೇಣ ಕರಗಿ ಉಬ್ಬುತ್ತದೆ, ಒಂದು ಕಡ್ಡಿಯನ್ನು ತಳ್ಳುತ್ತದೆ, ತಟ್ಟೆ ತೆರೆದುಕೊಂಡು ನೀರು ರೇಡಿಯೇಟರಿಗೆ ಹೋಗುತ್ತದೆ. ತಣ್ಣಗಾದಾಗ ಸ್ಪ್ರಿಂಗ್ ಮತ್ತೆ ಮುಚ್ಚುತ್ತದೆ. ಕರೆಂಟು ಬೇಡ, ವೈರು ಬೇಡ. ಎಷ್ಟು ಡಿಗ್ರಿಗೆ ತೆರೆಯಲು ಶುರು ಮಾಡುತ್ತದೆ ಅನ್ನುವುದನ್ನು ಅದರ ಮೇಲೇ ಒತ್ತಿರುತ್ತಾರೆ. ನನ್ನ ಗಾಡಿಯದ್ದು 82. ಡೀಸೆಲ್ ಲಾರಿಯ ನೀರು ಹೆಚ್ಚುಕಡಿಮೆ 80ರಿಂದ 95 ಡಿಗ್ರಿ ನಡುವೆ ಇರಬೇಕು ಅಂತಲೇ ಇಂಜಿನ್ ಮಾಡಿರುತ್ತಾರೆ.

ಬಿಸಿಲಿನ ಊರಿನಲ್ಲಿ ಇದು ಬೇಡ ಅನ್ನುವವರು ಒಂದು ಲೆಕ್ಕ ಮರೆಯುತ್ತಾರೆ. ರೇಡಿಯೇಟರ್ ಮಾಡಿರುವುದು ಯಾವುದಕ್ಕೆ? ಪೂರ್ತಿ ಲೋಡು, ಮೇ ತಿಂಗಳ ಬಿಸಿಲು, ಎರಡನೇ ಗೇರಿನಲ್ಲಿ ಘಾಟಿ. ಆ ಹೊತ್ತಿಗೆ ಸಾಲುವಷ್ಟು ದೊಡ್ಡದಾಗಿ ಮಾಡಿರುತ್ತಾರೆ. ಅದೇ ಗಾಡಿ ಖಾಲಿಯಾಗಿ ಹಿರಿಯೂರು ರೋಡಿನಲ್ಲಿ ಅರವತ್ತರಲ್ಲಿ ಓಡುವಾಗ ಅಷ್ಟು ದೊಡ್ಡ ರೇಡಿಯೇಟರ್ ಪೂರ್ತಿ ಬೇಕಾಗುವುದಿಲ್ಲ. ಆ ಹೊತ್ತಿಗೆ ಬೇಕಾದಷ್ಟು ನೀರು ಮಾತ್ರ ರೇಡಿಯೇಟರಿಗೆ ಬಿಡುವುದೇ ವಾಲಿನ ಕೆಲಸ. ಹೊರಗಿನ ಬಿಸಿಲು 40 ಇದ್ದರೂ ಇಂಜಿನ್ನಿಗೆ ಬೇಕಾದ್ದು 80ರ ಮೇಲೆ. 40 ಡಿಗ್ರಿ ಗಾಳಿಯೂ ಅದಕ್ಕೆ ತಂಗಾಳಿಯೇ.

ತಣ್ಣಗಿದ್ದರೆ ನಷ್ಟ ಏನು? ಹಸಿ ಸೌದೆ ಒಲೆ ನೋಡಿದವರಿಗೆ ಹೇಳಬೇಕಾಗಿಲ್ಲ. ಸೌದೆಯೂ ಜಾಸ್ತಿ, ಹೊಗೆಯೂ ಜಾಸ್ತಿ, ಅನ್ನ ಬೇಯದು. ಸಿಲಿಂಡರ್ ಗೋಡೆ ತಣ್ಣಗಿದ್ದರೆ ಸಿಂಪಡಿಸಿದ ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಸ್ವಲ್ಪ ಬಿಳಿ ಹೊಗೆಯಾಗಿ ಹೊರಗೆ ಹೋಗುತ್ತದೆ. ಸ್ವಲ್ಪ ಗೋಡೆಗೆ ಅಂಟಿ, ಅಲ್ಲಿರುವ ಆಯಿಲ್ ಪದರವನ್ನು ತೊಳೆದುಕೊಂಡು, ಪಿಸ್ಟನ್ ರಿಂಗ್ ಸಂದಿಯಿಂದ ಕೆಳಗೆ ಆಯಿಲ್ ಚೇಂಬರಿಗೆ ಇಳಿಯುತ್ತದೆ. ನನ್ನ ಡಿಪ್ ಸ್ಟಿಕ್ಕಿನ ಅಕ್ಷಯ ಪಾತ್ರೆಯ ಗುಟ್ಟು ಇದೇ. ಅದು ಆಯಿಲ್ ಅಲ್ಲ, ಡೀಸೆಲ್. ಆಮೇಲೆ ಎರಡು ಬೆರಳಲ್ಲಿ ತಿಕ್ಕಿ ನೋಡಿದೆ, ನೀರಿನ ಹಾಗೆ ತೆಳ್ಳಗಿತ್ತು, ಮೂಗಿನ ಹತ್ತಿರ ಹಿಡಿದರೆ ಪಂಪಿನ ವಾಸನೆ. ಜೊತೆಗೆ ಡೀಸೆಲ್ ಉರಿದಾಗ ನೀರಿನ ಆವಿ ಹುಟ್ಟುತ್ತದೆ. ಬಿಸಿ ಇಂಜಿನ್ನಿನಲ್ಲಿ ಅದು ಆವಿಯಾಗೇ ಹೊರಟುಹೋಗುತ್ತದೆ, ತಣ್ಣನೆಯದರಲ್ಲಿ ಬೆವರಿ ಆಯಿಲ್ ಜೊತೆ ಸೇರುತ್ತದೆ. ಆಯಿಲ್ ಹಾಕುವ ಮುಚ್ಚಳದ ಒಳಗಡೆ ಮಜ್ಜಿಗೆ ಕೆನೆಯಂಥದ್ದು ಕಂಡರೆ ಅದೇ. ಹೆಡ್ ಗ್ಯಾಸ್ಕೆಟ್ ಹೋಗಿ ಕೂಲೆಂಟ್ ಒಳಗೆ ಸೇರಿದರೂ ಹೀಗೇ ಕಾಣುತ್ತದೆ, ಅದಕ್ಕೇ ಕೂಲೆಂಟ್ ಮಟ್ಟ ಇಳಿಯುತ್ತಿದೆಯಾ ಅಂತಲೂ ನೋಡಿ. ಡೀಸೆಲ್ಲಿನ ಗಂಧಕ ಈ ನೀರಿನ ಜೊತೆ ಸೇರಿ ಆಮ್ಲವಾಗಿ ಲೈನರ್, ಅಂದರೆ ಸಿಲಿಂಡರಿನ ಒಳಗೋಡೆ, ತಿನ್ನುತ್ತಿದ್ದ ಕಾಲವೂ ಇತ್ತು. ಬಿಎಸ್ 4ರಲ್ಲಿ ಕಿಲೋಗೆ 50 ಮಿಲಿಗ್ರಾಂ ಇದ್ದ ಗಂಧಕ 2020ರ ಬಿಎಸ್ 6ಕ್ಕೆ 10ಕ್ಕೆ ಇಳಿದಿದೆ, ಹಾಗಾಗಿ ಆ ಕಾಟ ಈಗ ಕಡಿಮೆ. ಲೈನರ್ ಮೇಲಿನ ಆಯಿಲ್ ತೊಳೆದುಹೋಗುವ ಕಾಟ ಕಡಿಮೆಯಾಗಿಲ್ಲ.

ನನ್ನ ಗಾಡಿಗೆ ಆರು ತಿಂಗಳ ನಂತರ ಬೋರ್ ಕೆಲಸ, ಅಂದರೆ ಇಂಜಿನ್ ಬಿಚ್ಚಿ ಸಿಲಿಂಡರ್ ರಿಪೇರಿ, ಬಂತು. ಲೈನರ್, ಪಿಸ್ಟನ್ ಸೆಟ್ಟು, ಕೂಲಿ ಎಲ್ಲ ಸೇರಿ ಲಕ್ಷದ ಮೇಲೆ ಬಿತ್ತು. ಎಲ್ಲದಕ್ಕೂ ವಾಲ್ ಇಲ್ಲದ್ದೇ ಕಾರಣ ಅಂತ ನಾನು ಆಣೆ ಹಾಕುವುದಿಲ್ಲ, ಸೆಕೆಂಡ್ ಹ್ಯಾಂಡ್ ಗಾಡಿ, ಹಿಂದಿನವನು ಏನೇನು ಮಾಡಿದ್ದನೋ. ಆದರೆ ಹೊಸ ವಾಲಿಗೆ ನಾನು ಕೊಟ್ಟಿದ್ದು 650 ರೂಪಾಯಿ.

ಘಾಟಿ ಓಡಿಸುವವರಿಗೆ ಇನ್ನೊಂದು ಮಾತು, ಇದನ್ನು ಹೇಳಿದರೆ ಗ್ಯಾರೇಜಿನಲ್ಲಿ ನಂಬುವುದೇ ಇಲ್ಲ. ವಾಲ್ ತೆಗೆದರೆ ಘಾಟಿಯಲ್ಲಿ ಗಾಡಿ ಹೀಟ್ ಆಗುವ ಸಾಧ್ಯತೆಯೂ ಇದೆ. ಹೌದು, ಹೀಟ್. ಎಷ್ಟೋ ಲಾರಿ ಇಂಜಿನ್ನುಗಳಲ್ಲಿ ನೀರಿಗೆ ಎರಡು ದಾರಿ. ಒಂದು ರೇಡಿಯೇಟರಿಗೆ, ಇನ್ನೊಂದು ಬೈಪಾಸ್, ಅಂದರೆ ರೇಡಿಯೇಟರ್ ಕಡೆ ಹೋಗದೆ ಇಂಜಿನ್ನಿನೊಳಗೇ ಸುತ್ತುವ ಅಡ್ಡದಾರಿ. ವಾಲಿನ ಕೆಳಗಡೆ ಇನ್ನೊಂದು ಸಣ್ಣ ತಟ್ಟೆ ಇರುತ್ತದೆ. ಮೇಲಿನದು ತೆರೆದ ಹಾಗೆ ಅದು ಈ ಅಡ್ಡದಾರಿಯನ್ನು ಮುಚ್ಚುತ್ತದೆ. ವಾಲನ್ನೇ ಕಿತ್ತರೆ ಅಡ್ಡದಾರಿ ಯಾವಾಗಲೂ ತೆರೆದೇ ಇರುತ್ತದೆ. ಬಯಲಿನಲ್ಲಿ ಗೊತ್ತಾಗುವುದಿಲ್ಲ. ಗುಂಡ್ಯದಿಂದ ಪೂರ್ತಿ ಲೋಡಿನಲ್ಲಿ ಶಿರಾಡಿ ಹತ್ತುವಾಗ, ಒಂದೊಂದು ಹನಿ ನೀರೂ ರೇಡಿಯೇಟರಿಗೆ ಹೋಗಬೇಕಾದ ಹೊತ್ತಿನಲ್ಲಿ, ಒಂದು ಪಾಲು ಬಿಸಿ ನೀರು ತಣ್ಣಗಾಗದೆ ಹಾಗೇ ಇಂಜಿನ್ನಿಗೆ ಮರಳುತ್ತದೆ. ಬಯಲಿನಲ್ಲಿ ತಣ್ಣಗೆ, ಘಾಟಿಯಲ್ಲಿ ಕುದಿ. ಇಂಥ ಗಾಡಿಗೆ ರೇಡಿಯೇಟರ್ ಕ್ಲೀನ್ ಮಾಡಿಸಿ, ವಾಟರ್ ಪಂಪ್ ಬದಲಿಸಿ, ಆಮೇಲೂ ತಲೆ ಕೆರೆದುಕೊಳ್ಳುವವರನ್ನು ನಾನು ಸಕಲೇಶಪುರದಲ್ಲಿ ಕಂಡಿದ್ದೇನೆ.

ಹಾಗಂತ ಮುಳ್ಳು ಕೆಳಗಿದೆ ಅಂದಾಕ್ಷಣ ವಾಲಿಗೆ ಓಡಬೇಡಿ. ಮೊದಲು ನೀರು ನೋಡಿ, ತಣ್ಣಗಿರುವಾಗ. ನೀರು ಕಡಿಮೆಯಾಗಿ ಸೆನ್ಸರ್ ಇರುವ ಜಾಗದಲ್ಲಿ ಗಾಳಿ ತುಂಬಿಕೊಂಡಿದ್ದರೆ, ಒಳಗೆ ಹೆಡ್ ಬೇಯುತ್ತಿದ್ದರೂ ಮೀಟರ್ "ತಣ್ಣಗಿದೆ" ಅಂತ ಸುಳ್ಳು ಹೇಳಬಹುದು. ನಡುವಿನಲ್ಲಿದ್ದ ಮುಳ್ಳು ಓಡುತ್ತಿರುವಾಗ ದಿಢೀರನೆ ಬಿದ್ದರೆ ಖುಷಿಪಡದೆ ಗಾಡಿ ಪಕ್ಕಕ್ಕೆ ಹಾಕಿ. ನೀರು ಸರಿಯಿದ್ದರೆ ಆಮೇಲೆ ಮೀಟರ್ ಮೇಲೆ ಅನುಮಾನ. ಹಳೇ ಮುಳ್ಳಿನ ಮೀಟರುಗಳಲ್ಲಿ ಸೆನ್ಸರ್ ವೈರು ಬಿಚ್ಚಿ ಒಂದು ಕ್ಷಣ ಬಾಡಿಗೆ ತಾಗಿಸಿದರೆ ಮುಳ್ಳು ಪೂರ್ತಿ ಮೇಲೆ ಹೋಗಬೇಕು. ಹೋದರೆ ಮೀಟರೂ ವೈರೂ ಸರಿ, ಸೆನ್ಸರ್ ನೋಡಿ. ಕಂಪ್ಯೂಟರ್ ಇರುವ ಗಾಡಿಯಲ್ಲಿ ಈ ಆಟ ಆಡಬೇಡಿ, ಸ್ಕ್ಯಾನರ್ ಹಾಕಿಸಿ. ಇಲ್ಲದಿದ್ದರೆ ದೂರದಿಂದ ಬಿಸಿ ಅಳೆಯುವ ಗನ್ ಈಗ ಸಾವಿರ ರೂಪಾಯಿ ಆಸುಪಾಸಿಗೆ ಸಿಗುತ್ತದೆ, ವಾಲ್ ಹೌಸಿಂಗಿಗೆ ಹಿಡಿಯಿರಿ. ಲೋಹ ಫಳಫಳ ಹೊಳೆಯುತ್ತಿದ್ದರೆ ಅದೂ ತಪ್ಪು ತೋರಿಸುತ್ತದೆ, ಕಪ್ಪು ಟೇಪ್ ಅಂಟಿಸಿ ಅದರ ಮೇಲೆ ಹಿಡಿಯಿರಿ.

ಇನ್ನು ಸರದಾರ್ಜಿ ಮಾಡಿದ ಪರೀಕ್ಷೆ. ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿ, ಮೇಲಿನ ಹೋಸಿನ ಮೇಲೆ ಕೈ ಇಡಿ, ಫ್ಯಾನಿಗೆ ಕೈ ಸಿಗದ ಹಾಗೆ ಹುಷಾರು. ವಾಲ್ ಸರಿಯಿದ್ದರೆ ಇಂಜಿನ್ ಬಿಸಿಯಾಗುತ್ತಿದ್ದರೂ ಹೋಸ್ ತುಂಬ ಹೊತ್ತು ತಣ್ಣಗೇ ಇರುತ್ತದೆ, ವಾಲ್ ತೆರೆದಾಗ ಬೇಗನೆ ಕೈ ಸುಡುವಷ್ಟಾಗುತ್ತದೆ. ಸ್ಟಾರ್ಟ್ ಮಾಡಿದಾಗಿನಿಂದಲೇ ಇಂಜಿನ್ ಜೊತೆ ಜೊತೆಗೇ ಹೋಸೂ ಬೆಚ್ಚಗಾಗುತ್ತಾ ಬಂದರೆ ವಾಲ್ ಇಲ್ಲ, ಇಲ್ಲವೇ ತೆರೆದುಕೊಂಡೇ ಜಾಮ್ ಆಗಿದೆ.

ಫ್ಯಾನ್ ಬಗ್ಗೆಯೂ ಕೇಳುತ್ತಾರೆ. ಫ್ಯಾನನ್ನು ಬೇಕಾದಾಗ ಮಾತ್ರ ಜೋರಾಗಿ ತಿರುಗಿಸುವ ಕ್ಲಚ್ ಜಾಮ್ ಆಗಿ ಫ್ಯಾನ್ ಯಾವಾಗಲೂ ಭರ್ ಅಂತ ತಿರುಗುತ್ತಿದ್ದರೆ ಡೀಸೆಲ್ ಹೋಗುತ್ತದೆ, ನಿಜ. ಆದರೆ ವಾಲ್ ಸರಿಯಿದ್ದರೆ ಬರೀ ಫ್ಯಾನಿನಿಂದ ಇಂಜಿನ್ ಅಷ್ಟು ತಣ್ಣಗಾಗುವುದು ಕಡಿಮೆ. ಎರಡೂ ಕೆಟ್ಟಿದ್ದರೆ ದೇವರೇ ಗತಿ.

ವಾಲ್ ಬಿಚ್ಚಿದ ಮೇಲೆ ಅದನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಮೊದಲು ಬೆಳಕಿಗೆ ಹಿಡಿಯಿರಿ. ತಣ್ಣಗಿರುವಾಗ ತಟ್ಟೆಯ ಸುತ್ತ ಸಂದಿ ಕಾಣಬಾರದು. ಕೆಲವದರಲ್ಲಿ ಗಾಳಿ ಹೋಗಲು ಒಂದು ಚಿಕ್ಕ ತೂತು, ಅದರಲ್ಲಿ ಅಲ್ಲಾಡುವ ಪಿನ್ನು ಇರುತ್ತದೆ, ಅದು ಇರಬೇಕಾದ್ದೇ. ಆಮೇಲೆ ಪಾತ್ರೆಯಲ್ಲಿ ನೀರಿಟ್ಟು, ವಾಲನ್ನು ದಾರ ಕಟ್ಟಿ ತಳಕ್ಕೆ ತಾಗದ ಹಾಗೆ ಇಳಿಬಿಡಿ. ತಳಕ್ಕೆ ತಾಗಿದರೆ ನೀರಿಗಿಂತ ಪಾತ್ರೆಯ ಬಿಸಿ ಅದಕ್ಕೆ ತಗಲುತ್ತದೆ. ನಾನು ಒಂದು ಗಾಜಿನ ಲ್ಯಾಬ್ ಥರ್ಮಾಮೀಟರ್ ತಂದು ಜೊತೆಗೆ ಇಳಿಬಿಟ್ಟೆ. ಹಾಲು ಕಾಯಿಸುವ ಪಾತ್ರೆಯಲ್ಲಿ ಮಾಡಿದ್ದಕ್ಕೆ ಮನೆಯವಳ ಹತ್ತಿರ ಬೈಸಿಕೊಂಡಿದ್ದು ಬೇರೆ, ನೀವು ಹಳೇ ಪಾತ್ರೆ ತಗೊಳ್ಳಿ. ದಾರವನ್ನು ತಟ್ಟೆಯ ಸಂದಿಗೇ ಸಿಕ್ಕಿಸಿ ಇಳಿಬಿಟ್ಟಿದ್ದೆ. 70 ಆಯಿತು, 75, 80, ಏನೂ ಇಲ್ಲ. 82 ದಾಟುವಾಗ ಪುಳಕ್ ಅಂತ ದಾರ ಬಿಟ್ಟು ವಾಲ್ ನೀರಿನೊಳಗೆ ಬಿತ್ತು. ತಟ್ಟೆ ತೆರೆಯಿತು ಅಂತ ಅರ್ಥ. ಮತ್ತೆ ಇಕ್ಕಳದಲ್ಲಿ ಹಿಡಿದು ಇಳಿಸಿದೆ. 95ರ ಹತ್ತಿರ ಬರುವಾಗ ಕಿರುಬೆರಳಿನ ದಪ್ಪಕ್ಕಿಂತ ಸ್ವಲ್ಪ ಕಡಿಮೆ ತೆರೆದಿತ್ತು, ಅಂದರೆ ಎಂಟು ಹತ್ತು ಮಿಲಿಮೀಟರ್. ನಮ್ಮೂರು ಸಮುದ್ರಮಟ್ಟದಿಂದ 850 ಮೀಟರ್ ಆಸುಪಾಸು ಎತ್ತರದಲ್ಲಿರುವುದರಿಂದ ನೀರು ಸುಮಾರು 97ಕ್ಕೇ ಕುದಿಯುತ್ತದೆ, 100 ಆಗಲಿ ಅಂತ ಕಾಯುತ್ತಾ ಕೂರಬೇಡಿ. ಹೊರಗೆ ತೆಗೆದು ಇಟ್ಟರೆ ತಣ್ಣಗಾಗುತ್ತಾ ತಾನಾಗೇ ಪೂರ್ತಿ ಮುಚ್ಚಿಕೊಳ್ಳಬೇಕು. ಅರ್ಧಕ್ಕೆ ನಿಂತರೆ ಕಸಕ್ಕೆ ಹಾಕಿ.

ಕೂರಿಸುವಾಗ ಮೇಣದ ಗುಂಡು ಇಂಜಿನ್ ಕಡೆಗಿರಲಿ, ಗಾಳಿ ತೂತು ಮೇಲ್ಗಡೆ ಬರಲಿ. ಪ್ಯಾಕಿಂಗ್ ಹೊಸದು. ದೊಡ್ಡ ಇಂಜಿನ್ನುಗಳಲ್ಲಿ ಎರಡು ವಾಲ್ ಇರುವುದುಂಟು, ಆಗ ಎರಡನ್ನೂ ಬದಲಿಸಿ. ಮತ್ತೆ ಬೋರ್ ನೀರು ತುಂಬಿಸಿದರೆ ಈ ಪತ್ರ ಓದಿದ್ದೇ ದಂಡ. ಕಂಪನಿ ಹೇಳಿದ ಕೂಲೆಂಟ್ ಹಾಕಿ.

ಹೊಸ ವಾಲ್ ಹಾಕಿದ ದಿನ ಕಾಲು ಗಂಟೆಗೆ ಮುಳ್ಳು ನಡುವಿಗೆ ಬಂದು ನಿಂತಿತು. ಕ್ಲೀನರ್ ಹುಡುಗ ಗಾಬರಿಯಾಗಿ "ಅಣ್ಣಾ, ಹೀಟ್ ಆಗ್ತಿದೆ" ಅಂದ. ಪಾಪ, ಅವನು ಸರಿಯಾದ ಮುಳ್ಳನ್ನೇ ನೋಡಿರಲಿಲ್ಲ. ಮೈಲೇಜ್ 4.1ಕ್ಕೆ ಬಂತು. ಏರ್ ಫಿಲ್ಟರನ್ನೂ ಆಗಲೇ ಬದಲಿಸಿದ್ದರಿಂದ ಪೂರ್ತಿ ಹೊಗಳಿಕೆ ವಾಲಿಗೇ ಕೊಡಲಾರೆ. ಆದರೂ ಲೆಕ್ಕ ಹಾಕಿ. ದೆಹಲಿಗೆ ಹೆಚ್ಚುಕಡಿಮೆ 2,200 ಕಿಲೋಮೀಟರ್, ಒಂದು ಕಡೆಗೇ 40 ಲೀಟರ್ ಉಳಿತಾಯ. ಡೀಸೆಲ್ 90 ರೂಪಾಯಿ ಅಂದುಕೊಂಡರೂ ಮೂರೂವರೆ ಸಾವಿರ.

ರಟ್ಟು ಇಡುವುದು ಒಂದು ರಾತ್ರಿಗೆ ಸರಿ, ಚಳಿಗಾಲ ಪೂರ್ತಿಗಲ್ಲ. ಚಳಿಯ ಊರು ದಾಟಿ, ರಟ್ಟು ಮರೆತು, ಲೋಡಿನಲ್ಲಿ ಏರು ಹತ್ತಿದರೆ ಇಂಜಿನ್ ಬೆಂದೇಹೋಗುತ್ತದೆ.

ಎರಡನೇ ಗಾಡಿ ಬಿಎಸ್ 6. ಅದರ ಕಥೆ ಬೇರೆ, ಕಾಯಿಲೆ ಅದೇ. ಹೊಸ ಗಾಡಿಗಳಲ್ಲಿ ಸೈಲೆನ್ಸರಿನ ಹತ್ತಿರ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಅದು ತುಂಬಿದಾಗ ಗಾಡಿಯೇ ಬಿಸಿ ಏರಿಸಿ ಮಸಿ ಸುಡುತ್ತದೆ. ರೀಜನ್ ಅನ್ನುತ್ತಾರಲ್ಲ, ಅದು. ಇಂಜಿನ್ ನೀರು ಸಾಕಷ್ಟು ಬಿಸಿಯಾಗಿಲ್ಲ ಅಂತ ಕಂಪ್ಯೂಟರಿಗೆ ಅನ್ನಿಸಿದರೆ ಅದು ರೀಜನ್ ಶುರು ಮಾಡುವುದಿಲ್ಲ. ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಚೆಕ್ ಲೈಟ್ ಬರುತ್ತದೆ, ಪವರ್ ಇಳಿಯುತ್ತದೆ. ನನ್ನ ಗಾಡಿಯನ್ನು ಒಂದು ಸರ್ವೀಸ್ ಸೆಂಟರಿಗೆ ಮೂರು ಸಲ ಬಿಟ್ಟೆ. ಎರಡು ಸಲ ಫಿಲ್ಟರ್ ಕ್ಲೀನಿಂಗ್ ಅಂತ ಬಿಲ್ಲು. ಮೂರನೇ ಸಲ ನಾನೇ ಹಟ ಹಿಡಿದು, ಬೆಳಿಗ್ಗೆ ಏಳಕ್ಕೆ ಹೋಗಿ, ಅಲ್ಲಿನ ಹುಡುಗನ ಕೈ ಹಿಡಿದು ಮೇಲಿನ ಹೋಸಿನ ಮೇಲೆ ಇಡಿಸಿದೆ. ವಾಲ್ ಬಿಚ್ಚಿದರು. ತಟ್ಟೆಯ ಕೆಳಗೆ ಒಂದು ಸಣ್ಣ ತುಂಡು ಹಳೇ ಪ್ಯಾಕಿಂಗ್ ಸಿಕ್ಕಿಕೊಂಡು, ಅದು ಮುಚ್ಚಿಕೊಳ್ಳಲು ಬಿಟ್ಟಿರಲಿಲ್ಲ. ಕಾರುಗಳ ಸ್ಕ್ಯಾನರಿನಲ್ಲಿ ಇದಕ್ಕೆ ಪಿ 0128 ಅಂತ ಕೋಡೇ ಇದೆ, ನೀರು ವಾಲ್ ತೆರೆಯುವ ಮಟ್ಟಕ್ಕೂ ಬಂದಿಲ್ಲ ಅಂತ ಅದರ ಅರ್ಥ. ಅಷ್ಟು ಮಾಮೂಲಿ ಕಾಯಿಲೆ ಇದು.

ಈಗ ನಾನು ಕೇಳುವುದು ಎರಡೇ. ಗ್ಯಾರೇಜಿನವರು ತುರ್ತಿಗೆ ವಾಲ್ ತೆಗೆಯುವುದಾದರೆ ತೆಗೆಯಲಿ, ನಾನು ಬೇಡ ಅನ್ನುವುದಿಲ್ಲ. ಆದರೆ "ವಾಲ್ ತೆಗೆದಿದೆ, ಹೊಸದು ಹಾಕಬೇಕು" ಅಂತ ಬಿಲ್ಲಿನ ಮೇಲೆ ಬರೆಯಲಿ, ತೆಗೆದದ್ದನ್ನು ಮಾಲೀಕನ ಕೈಗೆ ಕೊಡಲಿ. ಗಾಡಿ ಕೈ ಬದಲಾದಾಗ ಮುಂದಿನವನಿಗೆ ಗೊತ್ತಾಗುವುದು ಹೇಗೆ ಇಲ್ಲದಿದ್ದರೆ? ಎರಡನೆಯದು ಲಾರಿ ಮಾಲೀಕರ ಸಂಘಗಳಿಗೆ. ಡ್ರೈವರುಗಳಿಗೆ ಕಣ್ಣಿನ ಕ್ಯಾಂಪ್ ಮಾಡುತ್ತೀರಿ, ಒಳ್ಳೆಯ ಕೆಲಸ. ಅದೇ ದಿನ ಸ್ಟ್ಯಾಂಡಿನಲ್ಲಿ ಒಂದು ಸ್ಟವ್, ಒಂದು ಪಾತ್ರೆ, ಒಂದು ಥರ್ಮಾಮೀಟರ್ ಇಟ್ಟು ಈ ಪರೀಕ್ಷೆ ಮಾಡಿ ತೋರಿಸಿ. ಬೇಕಾದರೆ ಪಾತ್ರೆ ನಾನೇ ತರುತ್ತೇನೆ, ಅದು ಹೇಗೂ ಅಡುಗೆ ಮನೆಗೆ ವಾಪಸ್ ಹೋಗಿಲ್ಲ.

ಆ ಅರಸೀಕೆರೆ ಹುಡುಗ ಈಗ ಬೇರೆಯವರ ಟ್ಯಾಂಕರ್ ಓಡಿಸುತ್ತಾನೆ. ಪಂಪಿನಲ್ಲಿ ಎರಡು ಸಲ ಸಿಕ್ಕಿದ್ದ. ಚೆನ್ನಾಗಿದ್ದೀರಾ ಅಣ್ಣಾ ಅಂದ, ಚೆನ್ನಾಗಿದ್ದೀನಿ ಅಂದೆ. ಬೇರೆ ಮಾತು ಬಾಯಿಗೆ ಬರಲಿಲ್ಲ. ಈ ಪತ್ರ ನೀವು ಹಾಕಿದರೆ ಕತ್ತರಿಸಿ ಅವನ ಕೈಗೆ ಕೊಡಬೇಕು ಅಂತಿದ್ದೇನೆ.

ಇಂತಿ,
ಒಬ್ಬ ಲಾರಿ ಮಾಲೀಕ
ತಿಪಟೂರು